ಜೇಬಿನಲ್ಲಿ ಸ್ಕ್ಯಾನರ್: ಕಿವಿಗೆ ಎಲ್ಲಿಯವರೆಗೆ ಸ್ವಾತಂತ್ರ್ಯ?

ಅಮೆರಿಕದ ಇಂಡಿಯಾನಾಪೊಲಿಸ್ ನಗರಕ್ಕೂ ಕೈಯಲ್ಲಿ ಹಿಡಿದು ಓಡಾಡುವ ರೇಡಿಯೊಗೂ ಹಳೆಯ ನಂಟು. ಮಾರುಕಟ್ಟೆಗೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ಟಿಆರ್-1 ಅನ್ನು 1954ರಲ್ಲಿ ಹೊರತಂದದ್ದು ಅಲ್ಲಿನ ರೀಜೆನ್ಸಿ ಕಂಪನಿ. ಪೊಲೀಸ್, ಅಗ್ನಿಶಾಮಕ, ರೈಲು, ವಿಮಾನ ಸಿಬ್ಬಂದಿಯ ಮಾತುಕತೆಯನ್ನು ಹುಡುಕಿ ಹುಡುಕಿ ಕೇಳಿಸುವ ಸ್ಕ್ಯಾನರ್‌ಗಳನ್ನೂ ಮುಂದೆ ಅದೇ ಕಂಪನಿ ಮಾಡಿ ಮಾರಿತು. ಅದಕ್ಕೆ ಪೈಪೋಟಿ ಕೊಟ್ಟ 'ಬೇರ್‌ಕ್ಯಾಟ್' ಸ್ಕ್ಯಾನರ್ ಹುಟ್ಟಿದ್ದು ನಗರದ ಅಂಚಿಗೇ ಇರುವ ಕಂಬರ್ಲೆಂಡ್‌ನಲ್ಲಿ, ಎಲೆಕ್ಟ್ರಾ ಕಂಪನಿಯ ಕೈಯಲ್ಲಿ. 1980ರ ದಶಕದಲ್ಲಿ ಎರಡೂ ಕಂಪನಿಗಳ ಸ್ಕ್ಯಾನರ್ ವ್ಯವಹಾರ ಜಪಾನಿನ ಯೂನಿಡೆನ್ ಪಾಲಾಯಿತು. ಬೇರ್‌ಕ್ಯಾಟ್ ಹೆಸರು ಮಾತ್ರ ಇಂದಿಗೂ ಪೆಟ್ಟಿಗೆಯ ಮೇಲೆ ಉಳಿದಿದೆ.

ಇದೇ ಊರಿನ ಮೋಟಾರ್ ಸ್ಪೀಡ್‌ವೇಯಲ್ಲಿ 1994ರಿಂದ ನಾಸ್ಕಾರ್ ಕಾರುಗಳ ರೇಸ್ ನಡೆಯುತ್ತಿದೆ. ಸ್ಟ್ಯಾಂಡಿನಲ್ಲಿ ಕೂತ ಪ್ರೇಕ್ಷಕರ ಕಿವಿಗೆ ದಪ್ಪ ಹೆಡ್‌ಫೋನು, ಸೊಂಟಕ್ಕೆ ಸಿಕ್ಕಿಸಿದ ಸ್ಕ್ಯಾನರು. ಚಾಲಕ 'ಟಯರು ಹೋಯಿತು' ಎಂದು ಗೊಣಗುವುದು, ಪಿಟ್‌ನಲ್ಲಿರುವ ಮುಖ್ಯಸ್ಥ ಅವನನ್ನು ಸಮಾಧಾನಪಡಿಸುವುದು, ಮೇಲೆ ನಿಂತ ಸ್ಪಾಟರ್ 'ಒಳಬದಿಗೆ ಒಬ್ಬ ಬಂದ' ಎಂದು ಎಚ್ಚರಿಸುವುದು ಎಲ್ಲವೂ ಅವರಿಗೆ ಕೇಳುತ್ತದೆ. ಸ್ಕ್ಯಾನರ್ ಇಲ್ಲದವರಿಗೆ ಬಾಡಿಗೆಗೂ ಸಿಗುತ್ತದೆ. ನಾಸ್ಕಾರ್ ಇದನ್ನು ಕದ್ದಾಲಿಕೆ ಎಂದುಕೊಂಡಿಲ್ಲ, ಆಟದ ಸೊಗಸಿನ ಭಾಗವೆಂದೇ ಬೆಳೆಸಿದೆ.

ಆದರೆ ಇಂಡಿಯಾನಾ ರಾಜ್ಯದ ಅಪರಾಧ ಸಂಹಿತೆಯನ್ನು ತೆರೆದರೆ ಬೇರೆಯದೇ ಕಥೆ. ಪೊಲೀಸ್ ಫ್ರೀಕ್ವೆನ್ಸಿಯನ್ನು ಹಿಡಿಯಬಲ್ಲ, ವಾಹನದಲ್ಲಿ ಇಡಬಹುದಾದ ಅಥವಾ ಕೈಯಲ್ಲಿ ಒಯ್ಯುತ್ತಾ ಬಳಸಬಹುದಾದ ರೇಡಿಯೊ ಹೊಂದಿರುವುದೇ ಅಲ್ಲಿ ಅಪರಾಧ. 180 ದಿನಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ. ಮನೆಯೊಳಗೆ ಇಟ್ಟುಕೊಂಡರೆ ಅಡ್ಡಿಯಿಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದವರಿಗೆ, ಸುದ್ದಿ ಸಂಸ್ಥೆಯವರಿಗೆ ವಿನಾಯಿತಿ ಉಂಟು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಕ್ಯಾನರ್ ರೇಸಿನ ಮಾತನ್ನೂ ಹಿಡಿಯುತ್ತದೆ, ಪೊಲೀಸರ ಮಾತನ್ನೂ ಹಿಡಿಯುತ್ತದೆ. ಕಾನೂನಿನ ಅಕ್ಷರವನ್ನೇ ಹಿಡಿದು ಹೊರಟರೆ ರೇಸ್ ನೋಡಲು ಬಂದವರಲ್ಲಿ ಎಷ್ಟೋ ಮಂದಿಯನ್ನು ಗೇಟಿನಲ್ಲೇ ನಿಲ್ಲಿಸಬೇಕಾದೀತು. ಹಾಗೆ ಯಾರೂ ಮಾಡುವುದಿಲ್ಲ ಎಂಬುದು ಬೇರೆ ಮಾತು.

ಸಾರ್ವಜನಿಕ ಸ್ಥಳದಲ್ಲಿ ಸ್ಕ್ಯಾನರ್ ಒಯ್ಯುವ ಪ್ರಶ್ನೆಯ ಸಿಕ್ಕು ಇಲ್ಲೇ ಇದೆ. ಯಂತ್ರ ಒಂದೇ. ಮೇಜಿನ ಮೇಲಿದ್ದಾಗ ಅದು ಹವ್ಯಾಸ, ಕಾರಿನ ಸೀಟಿನ ಮೇಲಿದ್ದಾಗ ಅಪರಾಧ, ರೈಲು ಹಳಿಯ ಪಕ್ಕದಲ್ಲಿ ಮನರಂಜನೆ, ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬೇಹುಗಾರಿಕೆಯ ಶಂಕೆ.

ಯಂತ್ರದ ಬಗ್ಗೆ ಎರಡು ಮಾತು. ಯೂನಿಡೆನ್ ಬಿಸಿ125ಎಟಿ ಎಂಬ ಜನಪ್ರಿಯ ಮಾದರಿಯನ್ನು ನೋಡಿದರೆ ಹಳೆಯ ಮೊಬೈಲ್ ಫೋನಿಗೆ ಬೆರಳುದ್ದದ ರಬ್ಬರ್ ಆಂಟೆನಾ ಸಿಕ್ಕಿಸಿದಂತಿದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. 500 ಚಾನೆಲ್‌ಗಳನ್ನು ನೆನಪಿಟ್ಟುಕೊಂಡು ಒಂದಾದ ಮೇಲೊಂದನ್ನು ಸರಸರನೆ ತಡವುತ್ತಾ ಹೋಗುತ್ತದೆ. ಎಲ್ಲಿ ದನಿ ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ, ಮಾತು ಮುಗಿದರೆ ಮತ್ತೆ ಓಟ. ಯಾರೂ ಮಾತಾಡದಾಗಿನ ಗೊರಗೊರ ಸದ್ದನ್ನು ಸ್ಕ್ವೆಲ್ಚ್ ಎಂಬ ತಿರುಪು ನುಂಗಿಹಾಕುತ್ತದೆ. ಮೊದಲ ಪೀಳಿಗೆಯ ಸ್ಕ್ಯಾನರ್‌ಗಳಲ್ಲಿ ಪ್ರತಿ ಚಾನೆಲ್ಲಿಗೂ ಬೇರೆ ಬೇರೆ ಕ್ರಿಸ್ಟಲ್ ಕೊಂಡು ಒಳಗೆ ಕೂರಿಸಬೇಕಿತ್ತು. ಎಂಟು ಚಾನೆಲ್ ಬೇಕೆಂದರೆ ಎಂಟು ಕ್ರಿಸ್ಟಲ್. 1970ರ ದಶಕದಲ್ಲಿ ಬೇಕಾದ ಫ್ರೀಕ್ವೆನ್ಸಿಯನ್ನು ಬಳಸುವವರೇ ಕೂರಿಸಿಕೊಳ್ಳಬಲ್ಲ ಮಾದರಿಗಳು ಬಂದ ಮೇಲೆ ಹವ್ಯಾಸ ಹಬ್ಬಿತು. ಮುಖ್ಯವಾದ ಸಂಗತಿ ಒಂದಿದೆ: ಸ್ಕ್ಯಾನರ್ ಬರೀ ಕೇಳುತ್ತದೆ, ಮಾತಾಡುವುದಿಲ್ಲ. ವಾಕಿ-ಟಾಕಿಯಂತೆ ಯಾರ ಸಂಭಾಷಣೆಗೂ ಅಡ್ಡ ಬರಲಾರದು. ಕಾನೂನು ಮಾಡುವವರು ಪದೇ ಪದೇ ಮರೆಯುವುದು ಇದನ್ನೇ.

ಪೊಲೀಸರ ಮಾತನ್ನು ಜನ ಕೇಳಿಸಿಕೊಳ್ಳುವ ಚಾಳಿ ಪೊಲೀಸ್ ರೇಡಿಯೊದಷ್ಟೇ ಹಳೆಯದು. 1928ರಲ್ಲಿ ಡೆಟ್ರಾಯಿಟ್ ಪೊಲೀಸರು ಗಸ್ತಿನ ಕಾರುಗಳಿಗೆ ರೇಡಿಯೊ ಮೂಲಕ ಆದೇಶ ಕಳಿಸುವ ವ್ಯವಸ್ಥೆಯನ್ನು ಗಟ್ಟಿಯಾಗಿ ನಿಲ್ಲಿಸಿದರು. ಅದಕ್ಕೂ ಮುಂಚಿನ ಪ್ರಯೋಗದ ದಿನಗಳಲ್ಲಿ ಅವರಿಗೆ ಸಿಕ್ಕಿದ್ದು ಮನರಂಜನಾ ಕೇಂದ್ರದ ಲೈಸೆನ್ಸ್. ಆದ್ದರಿಂದ ಕಳ್ಳತನವಾದ ಕಾರಿನ ನಂಬರ್ ಹೇಳುವ ನಡುನಡುವೆ ಹಾಡು ಹಾಕಬೇಕಾಗುತ್ತಿತ್ತಂತೆ. ಹತ್ತು ವರ್ಷ ಕಳೆದು 1938ರಲ್ಲಿ, ವೀಜೀ ಎಂಬ ಹೆಸರಿನಿಂದ ಪ್ರಸಿದ್ಧನಾದ ಛಾಯಾಗ್ರಾಹಕ ಆರ್ಥರ್ ಫೆಲಿಗ್ ನ್ಯೂಯಾರ್ಕಿನಲ್ಲಿ ಅನುಮತಿ ಪಡೆದು ತನ್ನ ಶೆವರ್ಲೆ ಕಾರಿನಲ್ಲಿ ಪೊಲೀಸ್ ರೇಡಿಯೊ ಇಟ್ಟುಕೊಂಡ. ಕಾರಿನ ಡಿಕ್ಕಿಯೇ ಅವನ ಕಚೇರಿ: ಟೈಪ್‌ರೈಟರ್, ಫ್ಲ್ಯಾಷ್ ಬಲ್ಬು, ಸಿಗಾರು. ಕೊಲೆಯಾದ ಜಾಗಕ್ಕೆ ಎಷ್ಟೋ ಸಲ ಪೊಲೀಸರಿಗಿಂತ ಮೊದಲೇ ಹೋಗಿ ನಿಂತಿರುತ್ತಿದ್ದ. ಅಪರಾಧ ಛಾಯಾಗ್ರಹಣಕ್ಕೆ ಅವನು ಕೊಟ್ಟ ರೂಪಕ್ಕೆ ಆ ರೇಡಿಯೊ ಅರ್ಧ ಕಾರಣ.

ಗಲಾಟೆ ಎದ್ದದ್ದು ಪೊಲೀಸರ ಮಾತಿನಿಂದಲ್ಲ, ಮೊಬೈಲ್ ಫೋನಿನಿಂದ. 1980ರ ದಶಕದ ಅನಲಾಗ್ ಮೊಬೈಲುಗಳು ಮಾತನ್ನು ಬಟಾಬಯಲಿನಲ್ಲೇ ಸಾಗಿಸುತ್ತಿದ್ದವು. 800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸ್ಕ್ಯಾನರ್ ತಿರುಗಿಸಿದರೆ ಅಕ್ಕಪಕ್ಕದವರ ಸಾಲ, ಜಗಳ, ಪ್ರಣಯ ಎಲ್ಲ ಕಿವಿಗೆ ಬೀಳುತ್ತಿತ್ತು. ಅಮೆರಿಕ 1986ರಲ್ಲೇ ಅದನ್ನು ಕೇಳುವುದು ಅಪರಾಧವೆಂದಿತು. ಜನ ಕೇಳುತ್ತಲೇ ಇದ್ದರು. ಬ್ರಿಟನ್ನಿನಲ್ಲಿ ರಾಜಕುಮಾರಿ ಡಯಾನಾ ಗೆಳೆಯನೊಂದಿಗೆ ಆಡಿದ ಖಾಸಗಿ ಮಾತನ್ನು ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಧ್ವನಿಮುದ್ರಿಸಿಕೊಂಡಿದ್ದರು. 1992ರ ಆಗಸ್ಟ್‌ನಲ್ಲಿ 'ದಿ ಸನ್' ಅದನ್ನು ಅಚ್ಚು ಹಾಕಿದಾಗ ಅರಮನೆಯೇ ನಡುಗಿತು. ಅದೇ ವರ್ಷ ಅಮೆರಿಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊಬೈಲ್ ಫ್ರೀಕ್ವೆನ್ಸಿ ಹಿಡಿಯುವ ಸ್ಕ್ಯಾನರ್‌ಗಳ ತಯಾರಿಕೆ ಮತ್ತು ಆಮದನ್ನೇ ನಿಷೇಧಿಸುವ ಕಾನೂನು ತಂದಿತು. 1994ರ ಏಪ್ರಿಲ್‌ನಿಂದ ಅದು ಜಾರಿಯಾಯಿತು. ಹಳೆಯ ಸ್ಕ್ಯಾನರ್‌ಗಳಿಗೆ ಆ ಮೇಲೆ ಇನ್ನಷ್ಟು ಬೆಲೆ ಬಂತು.

ಹೊರಗೆ ಓಡಾಡುವಾಗಿನ ಸ್ಕ್ಯಾನರ್ ತಂದಿಟ್ಟ ದೊಡ್ಡ ರಾದ್ಧಾಂತ ನಡೆದದ್ದು 1996ರ ಡಿಸೆಂಬರ್ 21ರಂದು. ಫ್ಲೋರಿಡಾದ ದಂಪತಿಯೊಂದು ಕ್ರಿಸ್‌ಮಸ್ ಖರೀದಿಗೆಂದು ಕಾರಿನಲ್ಲಿ ಹೊರಟಿತ್ತು, ಸ್ಕ್ಯಾನರ್ ಜೊತೆಗಿತ್ತು. ಪರಿಚಿತ ದನಿಗಳು ಕೇಳಿಬಂದವು. ಅಮೆರಿಕ ಸಂಸತ್ತಿನ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ತಮ್ಮ ಪಕ್ಷದ ನಾಯಕರೊಂದಿಗೆ, ತಮ್ಮ ಮೇಲಿನ ನೀತಿಸಂಹಿತೆ ವಿಚಾರಣೆಯನ್ನು ಹೇಗೆ ನಿಭಾಯಿಸಬೇಕೆಂದು ಮಾತಾಡುತ್ತಿದ್ದರು. ಆ ಕರೆಯಲ್ಲಿದ್ದ ಜಾನ್ ಬೇನರ್ ರಜೆಗೆ ಫ್ಲೋರಿಡಾಕ್ಕೆ ಬಂದು ಕಾರಿನಿಂದಲೇ ಮಾತಾಡುತ್ತಿದ್ದುದರಿಂದ ಸಂಭಾಷಣೆಯೆಲ್ಲ ಗಾಳಿಗೆ ಬಂದಿತ್ತು. ದಂಪತಿ ಅದನ್ನು ಟೇಪ್ ಮಾಡಿಕೊಂಡರು. ಟೇಪು ಸಂಸದ ಜಿಮ್ ಮೆಕ್‌ಡರ್ಮಟ್ ಕೈಗೆ ತಲುಪಿತು. 1997ರ ಜನವರಿಯಲ್ಲಿ ಪತ್ರಿಕೆಯ ಮುಖಪುಟಕ್ಕೂ ಬಂತು. ಕದ್ದು ಕೇಳಿದ ದಂಪತಿಗೆ ಆದ ದಂಡ ತಲಾ 500 ಡಾಲರ್. ಟೇಪನ್ನು ಹಂಚಿದ ಸಂಸದರು ಹತ್ತು ವರ್ಷಕ್ಕೂ ಮೀರಿ ಕೋರ್ಟು ಹತ್ತಿಳಿದು, ಕೊನೆಗೆ ಬೇನರ್ ಅವರ ವಕೀಲರ ಶುಲ್ಕವೂ ಸೇರಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು.

ಕೇಳಿದವರಿಗಿಂತ ಹಂಚಿದವರಿಗೆ ಹೆಚ್ಚು ಪೆಟ್ಟು. ಇದು ಒಂದರ್ಥದಲ್ಲಿ ಸರಿಯೇ. ಆದರೆ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೊಂದು ಮೊಕದ್ದಮೆಯಲ್ಲಿ ಬೇರೆ ಗೆರೆ ಎಳೆಯಿತು. ಪೆನ್ಸಿಲ್ವೇನಿಯಾದ ಶಿಕ್ಷಕರ ಸಂಘದ ನಾಯಕರಿಬ್ಬರ ಮೊಬೈಲ್ ಮಾತನ್ನು ಯಾರೋ ಹಿಡಿದು ಟೇಪ್ ಮಾಡಿದ್ದರು. ರೇಡಿಯೊ ನಿರೂಪಕನೊಬ್ಬ ಅದನ್ನು ಪ್ರಸಾರ ಮಾಡಿದ. ಕದ್ದಾಲಿಕೆಯಲ್ಲಿ ತಾನು ಭಾಗಿಯಾಗಿರದೆ, ವಿಷಯ ಸಾರ್ವಜನಿಕ ಮಹತ್ವದ್ದಾಗಿದ್ದರೆ ಪ್ರಸಾರ ಮಾಡಿದವನನ್ನು ಶಿಕ್ಷಿಸುವಂತಿಲ್ಲ ಎಂದಿತು ಬಾರ್ಟ್ನಿಕಿ ಹೆಸರಿನ ಈ ತೀರ್ಪು. ಅಷ್ಟರಲ್ಲಿ ಮೊಬೈಲುಗಳು ಡಿಜಿಟಲ್ ಆಗುತ್ತಿದ್ದವು. ಕಾನೂನು ಮಾಡಲಾಗದ್ದನ್ನು ತಂತ್ರಜ್ಞಾನ ಸದ್ದಿಲ್ಲದೆ ಮಾಡಿ ಮುಗಿಸಿತು.

ಅಮೆರಿಕದ ರಾಜ್ಯಗಳ ಕಾನೂನುಗಳು ಮಾತ್ರ ಹಳೆಯ ಹಾದಿಯಲ್ಲೇ ಇವೆ. ಬಹುಪಾಲು ರಾಜ್ಯಗಳಲ್ಲಿ ಸ್ಕ್ಯಾನರ್ ಹಿಡಿದು ಬೀದಿಯಲ್ಲಿ ನಡೆದರೆ ಯಾರೂ ಕೇಳುವಂತಿಲ್ಲ. ಆದರೆ ಫ್ಲೋರಿಡಾ, ನ್ಯೂಯಾರ್ಕ್, ಕೆಂಟಕಿ, ಇಂಡಿಯಾನಾದಂಥ ಕೆಲವೆಡೆ ವಾಹನದಲ್ಲಿ ಪೊಲೀಸ್ ಬ್ಯಾಂಡ್ ರಿಸೀವರ್ ಇಡುವುದಕ್ಕೆ ನಿರ್ಬಂಧ. ಗಡಿ ದಾಟಿದರೆ ನಿಯಮ ಬದಲು. ಹ್ಯಾಮ್ ರೇಡಿಯೊದವರು ತಮ್ಮ ಸೆಟ್ಟೂ ಪೊಲೀಸ್ ಬ್ಯಾಂಡ್ ಹಿಡಿಯುತ್ತದೆಂಬ ಕಾರಣಕ್ಕೆ ರಸ್ತೆಯಲ್ಲಿ ಸಿಕ್ಕಿಬೀಳತೊಡಗಿದಾಗ, ಕೇಂದ್ರದ ಸಂಪರ್ಕ ಆಯೋಗ 1993ರಲ್ಲಿ ಮಧ್ಯ ಬಂದು, ಲೈಸೆನ್ಸ್ ಇರುವ ಹವ್ಯಾಸಿಗಳಿಗೆ ರಾಜ್ಯಗಳ ಈ ನಿಷೇಧ ಅನ್ವಯಿಸದೆಂದು ಆದೇಶಿಸಿತು. ಕ್ಯಾಲಿಫೋರ್ನಿಯಾ ಇದರಲ್ಲಿ ಜಾಣ. ಅಲ್ಲಿ ಒಯ್ಯುವುದು ತಪ್ಪಲ್ಲ, ಕೇಳಿಸಿಕೊಂಡದ್ದನ್ನು ಅಪರಾಧಕ್ಕೆ ಬಳಸಿದರೆ ತಪ್ಪು.

ಜಪಾನಿನ ರೇಡಿಯೊ ಕಾಯ್ದೆಯ 59ನೇ ಕಲಮು ಇದೇ ತರ್ಕವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ. ಗಾಳಿಯಲ್ಲಿ ಬಂದದ್ದನ್ನು ಕೇಳಬಹುದು. ನಿರ್ದಿಷ್ಟ ವ್ಯಕ್ತಿಗೆಂದು ಕಳಿಸಿದ ಸಂದೇಶ ಇತ್ತೆಂಬುದನ್ನೂ ಅದರ ಒಳಗುಟ್ಟನ್ನೂ ಬೇರೆಯವರಿಗೆ ಹೇಳುವಂತಿಲ್ಲ, ಅದರಿಂದ ಲಾಭ ಮಾಡಿಕೊಳ್ಳುವಂತಿಲ್ಲ. ಹಾಗಾಗಿಯೇ ಅಲ್ಲಿ ಐಕಾಮ್, ಅಲಿಂಕೊ ಕಂಪನಿಗಳ ಅಂಗೈಯಗಲದ ರಿಸೀವರ್‌ಗಳು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತವೆ. ಬ್ರಿಟನ್ ಇದಕ್ಕೆ ತದ್ವಿರುದ್ಧ: ಸ್ಕ್ಯಾನರ್ ಕೊಳ್ಳುವುದು ಸರಿ, ಇಟ್ಟುಕೊಳ್ಳುವುದು ಸರಿ, ಆದರೆ ನಿಮಗೆಂದು ಕಳಿಸಿರದ ಮಾತನ್ನು ಕೇಳುವುದು 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಅಪರಾಧ. ಹೀಥ್ರೂ ಬಳಿಯ ಮಿರ್ಟಲ್ ಅವೆನ್ಯೂದ ಹುಲ್ಲುಹಾಸಿನಲ್ಲಿ ಕೂತು ವಿಮಾನ ಇಳಿಯುವುದನ್ನು ನೋಡುವವರಲ್ಲಿ ಏರ್‌ಬ್ಯಾಂಡ್ ರೇಡಿಯೊ ಹಿಡಿದವರೆಲ್ಲ ಈ ಲೆಕ್ಕದಲ್ಲಿ ತಪ್ಪಿತಸ್ಥರು. ಲೋಕದ ವಿಮಾನ ನಿಲ್ದಾಣಗಳ ಮಾತುಕತೆಯನ್ನು ಅಂತರ್ಜಾಲದಲ್ಲಿ ಕೇಳಿಸುವ ಲೈವ್‌ಎಟಿಸಿಯಲ್ಲಿ ಬ್ರಿಟನ್ನಿನ ನಿಲ್ದಾಣಗಳಿಲ್ಲದಿರುವುದಕ್ಕೂ ಇದೇ ಕಾರಣ. ಜರ್ಮನಿಯೂ ಇದೇ ಸಾಲಿನದು.

ಹಾಗಾದರೆ ಈ ಯಂತ್ರ ಹೊತ್ತು ತಿರುಗುವವರು ಕೇಳುವುದಾದರೂ ಏನನ್ನು? ರೈಲುಪ್ರಿಯರ ಉದಾಹರಣೆ ಬಲು ರುಚಿಯಾದದ್ದು. ಅಮೆರಿಕದ ರೈಲ್ವೆಗಳು 160-161 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಹಳಿಯ ಪಕ್ಕ ಕೆಲವು ಮೈಲಿಗಳಿಗೊಂದರಂತೆ ತಪಾಸಣಾ ಯಂತ್ರಗಳನ್ನು ನೆಟ್ಟಿರುತ್ತಾರೆ. ಗಾಲಿಯ ಬೇರಿಂಗ್ ಕಾದಿದೆಯೇ, ಏನಾದರೂ ಜೋತುಬಿದ್ದು ಎಳೆದುಕೊಂಡು ಹೋಗುತ್ತಿದೆಯೇ ಎಂದು ಪರೀಕ್ಷಿಸಿ, ಅವು ಯಂತ್ರದನಿಯಲ್ಲಿ ರೇಡಿಯೊದಲ್ಲೇ ವರದಿ ಒಪ್ಪಿಸುತ್ತವೆ: ಇಂಥ ರೈಲ್ವೆ, ಇಂಥ ಮೈಲಿಗಲ್ಲು, ದೋಷವಿಲ್ಲ, ಒಟ್ಟು ಅಚ್ಚುಗಳು ಇಷ್ಟು. ಆ ದನಿ ಕೇಳಿದ ಕೂಡಲೇ ಹಳಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತವರು ಕ್ಯಾಮೆರಾ ಎತ್ತಿಕೊಳ್ಳುತ್ತಾರೆ. ಇನ್ನೆಷ್ಟು ಹೊತ್ತಿಗೆ ಗಾಡಿ ಬಂತು, ಎಷ್ಟು ಉದ್ದದ್ದು ಎಂಬುದು ಅವರಿಗೆ ಗೊತ್ತು. ಜಾರ್ಜಿಯಾ ರಾಜ್ಯದ ಫೋಕ್‌ಸ್ಟನ್ ಎಂಬ ಪುಟ್ಟ ಊರು ಇಂಥವರಿಗೆಂದೇ ಹಳಿಯ ಪಕ್ಕ ಮಂಟಪ ಕಟ್ಟಿಸಿ, ಅಲ್ಲಿಗೆ ಸ್ಕ್ಯಾನರನ್ನೂ ಒದಗಿಸಿದೆ. ಪಕ್ಕದ ರಾಜ್ಯವೇ ಫ್ಲೋರಿಡಾ ಎಂಬುದನ್ನು ನೆನೆದರೆ ನಗು ಬರುತ್ತದೆ.

ವಿಮಾನದವರದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡ್. ಅಷ್ಟು ದೊಡ್ಡ ವ್ಯವಹಾರ ಇಂದಿಗೂ ಹಳೆಯ ಎಎಂ ಪದ್ಧತಿಯಲ್ಲಿ, ಮುಚ್ಚುಮರೆಯಿಲ್ಲದೆ ನಡೆಯುತ್ತದೆ. ಸುತ್ತಲಿನ ಎಲ್ಲ ಪೈಲಟ್‌ಗಳೂ ಪರಸ್ಪರರ ಮಾತು ಕೇಳಿಸಿಕೊಳ್ಳುವುದೇ ಅಲ್ಲಿ ಸುರಕ್ಷತೆ. ವಿಸ್ಕಾನ್ಸಿನ್‌ನ ಆಶ್‌ಕಾಶ್ ವಿಮಾನ ಮೇಳಕ್ಕೆ ಬಂದವರು ಏರ್‌ಬ್ಯಾಂಡ್ ರೇಡಿಯೊ ಹಿಡಿದೇ ಆಕಾಶ ನೋಡುತ್ತಾರೆ. ಆದರೆ ಅದೇ ರೇಡಿಯೊವನ್ನು ವಿಮಾನದೊಳಗೆ ಕೂತು ಹಾಕುವಂತಿಲ್ಲ. ಇದು ಬರೀ ಬಿಗುಮಾನವಲ್ಲ. ರಿಸೀವರ್‌ನ ಒಳಗೂ ಸಣ್ಣದೊಂದು ಆಸಿಲೇಟರ್ ಇರುತ್ತದೆ. ಎಫ್ಎಂ ರೇಡಿಯೊವನ್ನು 100 ಮೆಗಾಹರ್ಟ್ಸ್‌ಗೆ ಹೊಂದಿಸಿದರೆ ಒಳಗಿನದು ಸಾಮಾನ್ಯವಾಗಿ 110.7ರಲ್ಲಿ ಮಿಡಿಯುತ್ತದೆ, ವಿಮಾನಕ್ಕೆ ದಾರಿ ತೋರುವ ಸಂಕೇತಗಳು ಬರುವುದು 108ರಿಂದ 118ರ ನಡುವೆ. ಸೋರುವುದು ಚೂರೇ ಆದರೂ ಅಪಾಯ ಬೇಡವೆಂಬ ನಿಯಮ.

ಪೊಲೀಸ್ ಮಾತಿನ ವಿಷಯಕ್ಕೆ ಬಂದರೆ ಹಿಂದಿನ ಪ್ರಶ್ನೆ ತಲೆಕೆಳಗಾಗಿದೆ. ಈಗ ಸ್ಕ್ಯಾನರ್ ಒಯ್ಯಲೇಬೇಕೆಂದಿಲ್ಲ. ಯಾರೋ ಒಬ್ಬ ಮನೆಯಲ್ಲಿ ಸ್ಕ್ಯಾನರ್ ಇಟ್ಟು ಬ್ರಾಡ್‌ಕ್ಯಾಸ್ಟಿಫೈ ಮೂಲಕ ಅಂತರ್ಜಾಲಕ್ಕೆ ಬಿಟ್ಟರೆ, ಸಾವಿರಾರು ಜನ ಫೋನಿನಲ್ಲಿ ಕೇಳುತ್ತಾರೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಆರೋಪಿಗಳ ಬೇಟೆ ನಡೆದ ರಾತ್ರಿ ಹೀಗೆ ಕೇಳಿದವರಿಗೆ ಲೆಕ್ಕವಿಲ್ಲ. ಆ ರಾತ್ರಿಯೇ, ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರನ್ನು ಪೊಲೀಸ್ ರೇಡಿಯೊದಲ್ಲಿ ಆರೋಪಿಯೆಂದು ಹೇಳಿದರು ಎಂಬ ಸುದ್ದಿ ಜಾಲತಾಣಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಆಮೇಲೆ ಧ್ವನಿಮುದ್ರಣ ಕೇಳಿ ನೋಡಿದರೆ ಪೊಲೀಸರು ಆ ಹೆಸರನ್ನು ಉಚ್ಚರಿಸಿಯೇ ಇರಲಿಲ್ಲ. ಹುಡುಗ ಕೆಲ ದಿನಗಳ ನಂತರ ಶವವಾಗಿ ಸಿಕ್ಕಿದ. ಕೇಳಿದವರ ತಪ್ಪಿಗಿಂತ ಕೇಳದೆ ಹಬ್ಬಿಸಿದವರ ಪಾಪ ಇಲ್ಲಿ ದೊಡ್ಡದು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧ ಪ್ರತಿಭಟನೆ ಎದ್ದಾಗ ಸ್ಕ್ಯಾನರ್ ಆ್ಯಪ್‌ಗಳು ಆ್ಯಪಲ್ ಪಟ್ಟಿಯ ತುದಿಗೇರಿದವು.

ಪೊಲೀಸ್ ಇಲಾಖೆಗಳ ಉತ್ತರ ಎನ್‌ಕ್ರಿಪ್ಷನ್. ಡೆನ್ವರ್ 2019ರಲ್ಲಿ ಬಾಗಿಲು ಮುಚ್ಚಿತು. ಷಿಕಾಗೊ, ಅರ್ಧ ಗಂಟೆ ತಡ ಮಾಡಿ ಕೇಳಿಸುತ್ತೇನೆ ಎಂದಿತು. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಬ್ರೂಕ್ಲಿನ್ನಿನಿಂದ ಶುರುಮಾಡಿದರು. ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಪಾಲೊ ಆಲ್ಟೊ ಪ್ರಸಂಗ ನೆನಪಿರಬಹುದು. ಜನರ ಹೆಸರು, ಲೈಸೆನ್ಸ್ ನಂಬರ್‌ನಂಥ ಖಾಸಗಿ ವಿವರಗಳನ್ನು ಬಹಿರಂಗವಾಗಿ ಓದಬೇಡಿ ಎಂದು ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2020ರಲ್ಲಿ ಸುತ್ತೋಲೆ ಕಳಿಸಿತು. ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ವಿವರ ಹೇಳದಿರುವ ಪದ್ಧತಿ ರೂಢಿಸಿಕೊಳ್ಳಿ ಎಂಬ ಎರಡೂ ದಾರಿ ಅದರಲ್ಲಿತ್ತು. ಪಾಲೊ ಆಲ್ಟೊ ಪೊಲೀಸರು 2021ರ ಜನವರಿಯಲ್ಲಿ ಸುಲಭದ ದಾರಿ ಹಿಡಿದು ಎಲ್ಲವನ್ನೂ ಮುಚ್ಚಿದರು. ಊರವರೂ ಪತ್ರಕರ್ತರೂ ಪಟ್ಟು ಬಿಡಲಿಲ್ಲ. 2022ರಲ್ಲಿ ರೇಡಿಯೊ ಮತ್ತೆ ತೆರೆಯಿತು. ಖಾಸಗಿ ವಿವರಗಳನ್ನು ಮಾತ್ರ ಬೇರೆ ದಾರಿಯಲ್ಲಿ ಕಳಿಸುವ ಏರ್ಪಾಡಾಯಿತು. ಹೆಸರು-ವಿಳಾಸ ಗಾಳಿಗೆ ಹೋಗುವುದು ನಿಜವಾದ ತೊಂದರೆ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದಕ್ಕಾಗಿ ಇಡೀ ಪೊಲೀಸ್ ರೇಡಿಯೊವನ್ನೇ ಮುಚ್ಚುವುದು ನೆಗಡಿಯಾಯಿತೆಂದು ಮೂಗು ಕೊಯ್ಸಿಕೊಂಡ ಹಾಗೆ.

ಭಾರತದಲ್ಲಿ ಈ ವಾದಕ್ಕೆಲ್ಲ ಜಾಗವೇ ಕಡಿಮೆ. ನಮ್ಮಲ್ಲಿ 1933ರ ವೈರ್‌ಲೆಸ್ ಕಾಯ್ದೆ ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಹೊಂದಿರುವುದನ್ನೇ ನಿಷೇಧಿಸಿತ್ತು, ಅದು ಕಳಿಸುವ ಯಂತ್ರವಾಗಲಿ, ಬರೀ ಕೇಳುವ ಯಂತ್ರವಾಗಲಿ. 1980ರ ದಶಕದ ಮಧ್ಯದವರೆಗೆ ಆಕಾಶವಾಣಿ ಕೇಳಲೂ ಪೋಸ್ಟಾಫೀಸಿಗೆ ಹೋಗಿ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು ಎಂಬುದು ಹಿರಿಯರಿಗೆ ನೆನಪಿದ್ದೀತು. ಮನೆಯ ರೇಡಿಯೊಗೆ ಆ ಕಟ್ಟು ಕಳಚಿತು, ಸ್ಕ್ಯಾನರ್‌ಗೆ ಕಳಚಲಿಲ್ಲ. 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣ ಹೊಂದಲು ಸರ್ಕಾರದ ಅನುಮತಿ ಬೇಕೆನ್ನುತ್ತದೆ.

ಇದರ ಬಿಸಿ ತಟ್ಟಿದ್ದು 2010ರ ಫೆಬ್ರವರಿಯಲ್ಲಿ, ಇಬ್ಬರು ಬ್ರಿಟಿಷ್ ವಿಮಾನಪ್ರಿಯರಿಗೆ. ದೆಹಲಿ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ರನ್‌ವೇ ಕಾಣುವ ಕೋಣೆಯೇ ಬೇಕೆಂದು ಕೇಳಿದರು. ಬೈನಾಕ್ಯುಲರ್, ಲ್ಯಾಪ್‌ಟಾಪ್, ಏರ್‌ಬ್ಯಾಂಡ್ ರೇಡಿಯೊ ಜೊತೆಗಿದ್ದವು. ಮುಂಬೈ ದಾಳಿಯಾಗಿ ಒಂದೂಕಾಲು ವರ್ಷವೂ ತುಂಬಿರಲಿಲ್ಲ. ಹೋಟೆಲಿನವರು ಪೊಲೀಸರಿಗೆ ತಿಳಿಸಿದರು. ಅವರದು ಹವ್ಯಾಸವೇ ಹೊರತು ಭಯೋತ್ಪಾದನೆಯಲ್ಲ ಎಂದು ತಿಳಿಯುವಷ್ಟರಲ್ಲಿ ಬಂಧನ, ಜೈಲು, ಜಾಮೀನು ಎಲ್ಲ ಮುಗಿದಿತ್ತು. ದಂಡ ಕಟ್ಟಿ ಊರಿಗೆ ಮರಳಿದ್ದು ಏಪ್ರಿಲ್‌ನಲ್ಲಿ. ಬ್ರಿಟನ್ನಿನಲ್ಲಿ ಕಂಡೂ ಕಾಣದಂತೆ ಬಿಡುವ ತಪ್ಪು ಭಾರತದಲ್ಲಿ ಎರಡು ತಿಂಗಳನ್ನು ನುಂಗಿತು.

ಇನ್ನೊಂದು ಬದಿಯಲ್ಲಿ ಮಾರುಕಟ್ಟೆ ತನ್ನ ಪಾಡಿಗೆ ಓಡುತ್ತಿದೆ. ಅನುಮತಿಯ ಮಾತೇ ಎತ್ತದೆ ವಾಕಿ-ಟಾಕಿ ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟಿಸ್ ಕೊಟ್ಟಿತು. ಕಂಪ್ಯೂಟರಿಗೆ ಸಿಕ್ಕಿಸುವ ಟಿವಿ ಡಾಂಗಲ್ ಅನ್ನೇ ವಿಶಾಲ ಬ್ಯಾಂಡಿನ ರಿಸೀವರ್ ಮಾಡಬಹುದೆಂದು 2012ರ ಹೊತ್ತಿಗೇ ಗೊತ್ತಾದ ಮೇಲಂತೂ, ಹೆಬ್ಬೆರಳಗಲದ ಚೂರನ್ನು ಸ್ಕ್ಯಾನರ್ ಅಲ್ಲವೆಂದು ಹೇಳುವುದು ಹೇಗೆ? ಕೇಳುವ ಯಂತ್ರವನ್ನೂ ಕಳಿಸುವ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ಇಂದಿಗೆ ಹೊಂದುವುದಿಲ್ಲ. ಜಪಾನಿನ ಹಾಗೆ ಬಹಿರಂಗಪಡಿಸುವುದನ್ನೂ ದುರ್ಬಳಕೆಯನ್ನೂ ಶಿಕ್ಷಿಸಿ, ವಿಮಾನ, ಹಡಗು, ಹವಾಮಾನದಂಥ ತೆರೆದ ಮಾತುಗಳನ್ನು ಕೇಳಲು ಬಿಡುವುದು ನ್ಯಾಯ. ಗುಟ್ಟಾಗಿಡಬೇಕಾದದ್ದನ್ನು ಗುಟ್ಟಾಗಿಡುವ ಹೊಣೆ ಮಾತಾಡುವವರದು.

ಆ ಬದಲಾವಣೆ ಬರುವವರೆಗೆ ವಿದೇಶದಿಂದ ಬರುವ ಕನ್ನಡಿಗರು ಅಲ್ಲಿನ ಸ್ಕ್ಯಾನರನ್ನು ಸೂಟ್‌ಕೇಸಿಗೆ ಹಾಕಿಕೊಂಡು ಬರದಿರುವುದು ಕ್ಷೇಮ. ಇಲ್ಲಿಯೇ ಇರುವ, ಗಾಳಿಯ ಮಾತಿಗೆ ಕಿವಿಗೊಡುವ ಆಸೆಯುಳ್ಳವರಿಗೆ ಕಾನೂನಿನ ಬಾಗಿಲು ಒಂದು ತೆರೆದೇ ಇದೆ: ಹ್ಯಾಮ್ ಪರೀಕ್ಷೆ. 12 ವರ್ಷ ತುಂಬಿದವರು ಯಾರಾದರೂ ಬರೆಯಬಹುದು. ಬೆಂಗಳೂರಿನ ಹವ್ಯಾಸಿ ರೇಡಿಯೊ ಕ್ಲಬ್ಬು 1959ರಿಂದ ಇದೆ, ಮಂಗಳೂರಿನಲ್ಲೂ ಕ್ಲಬ್ಬುಂಟು. ಪರೀಕ್ಷೆ ಪಾಸಾದವರಿಗೆ ವಿಯು ಎಂದು ಶುರುವಾಗುವ ಸ್ವಂತದ್ದೊಂದು ಕರೆಹೆಸರು ಸಿಗುತ್ತದೆ. ಹವ್ಯಾಸಿ ಬ್ಯಾಂಡುಗಳಲ್ಲಿ ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು. ಪೊಲೀಸರ, ಪೈಲಟ್‌ಗಳ ಮಾತು ಕೇಳಲು ಅದು ಪರವಾನಗಿಯಲ್ಲ ಎಂಬುದನ್ನು ಮಾತ್ರ ಅರ್ಜಿ ಹಾಕುವ ಮೊದಲೇ ತಿಳಿದಿರಬೇಕು.